ನಾಲ್ಕು ಕೈ ದಾಟಿದ ಕುರ್ಚಿ

ಜೂನ್ 2

ಕೆಮ್ಮು ಬಂದಾಗಲೆಲ್ಲ ಬರೆದಿಡಿ ಎಂದು ಡಾಕ್ಟರಮ್ಮ ಹೇಳಿದ್ದಕ್ಕೆ ಈ ಪುಸ್ತಕ ತಂದೆ. ಬೆಳಿಗ್ಗೆ ಬಂತು, ಸಂಜೆಯೂ ಬಂತು. ಅದು ಹಾಳಾಗಿ ಹೋಗಲಿ. ಬರೆಯಬೇಕಾದ್ದು ಬೇರೆ ಇದೆ. ಬರೆಯದಿದ್ದರೆ ಯಾರಿಗಾದರೂ ಹೊಡೆದುಬಿಡುತ್ತೇನೆ.

ಮೇಯರನ್ನು ಈ ಸಲ ಜನರೇ ನೇರವಾಗಿ ಆರಿಸಬೇಕಂತೆ, ನನ್ನ ತಂಗಿ ಆ ಚುನಾವಣೆಗೆ ನಿಂತಿದ್ದಾಳೆ. ನಿಲ್ಲಲಿ, ಯಾರು ಬೇಡವೆಂದರು? ಲಾರಿ ಬುಕಿಂಗ್ ಆಫೀಸು ನಡೆಸುವವಳಿಗೆ ಊರೆಲ್ಲ ಪರಿಚಯ, ಬಾಯಿಯೂ ಚಿಕ್ಕಂದಿನಿಂದ ಜೋರು. ಆದರೆ ಮೊದಲ ಭಾಷಣವನ್ನು ನಮ್ಮ ಬೀದಿಯಲ್ಲೇ, ನನ್ನ ಪಾಲಿಶ್ ಅಂಗಡಿಯ ಎದುರಿಗೇ ಮಾಡಬೇಕಿತ್ತೇ? ಮೇಜಿನ ಮೇಲೆ ಹತ್ತಿ ಮೈಕು ಹಿಡಿದು ಶುರುಮಾಡಿದಳು.

"ನಮ್ಮೂರಿಗೆ ಬರೋ ಲಾರಿ ತುಂಬಿ ಬರುತ್ತೆ. ವಾಪಸ್ ಹೋಗೋ ಲಾರಿ ಖಾಲಿ ಹೋಗುತ್ತೆ. ನನ್ನ ಆಫೀಸಿನ ಕಿಟಕೀಲಿ ದಿನಾ ನೋಡೋದೇ ಇದು. ಇದೇ ನಮ್ಮೂರಿನ ಕಾಯಿಲೆ. ದೊಡ್ಡ ಕಾರ್ಖಾನೆ ತರ್ತೀನಿ ಅಂತ ನಾನು ಸುಳ್ಳು ಹೇಳಲ್ಲ. ಸಣ್ಣ ಊರಿಗೆ ದೊಡ್ಡೋರು ಯಾರೂ ಬರಲ್ಲ, ಬಂದ್ರೂ ಉಳಿಯಲ್ಲ. ಇಲ್ಲಿ ಈಗಾಗ್ಲೇ ಇರೋ ಕೆಲಸದಿಂದಾನೇ ಆ ಲಾರಿ ತುಂಬಬೇಕು."

ಇಲ್ಲಿಯವರೆಗೆ ನಾನೂ ತಲೆಯಾಡಿಸಿದೆ. ಆಮೇಲೆ ಬಂತು ಚೇಳಿನ ಕೊಂಡಿ. ಊರ ಹೊರಗೆ ಗೋದಾಮು ರಸ್ತೆಯಲ್ಲಿ ದೊಡ್ಡದೊಂದು ಶೆಡ್ಡಂತೆ. ಮರ ಒಣಗಿಸಲು ಪ್ರತ್ಯೇಕ ಕೋಣೆಯಂತೆ, ವಾಸನೆ ಹೊರಗೆಳೆಯುವ ಫ್ಯಾನುಗಳಂತೆ, ಲಾರಿ ಬಾಗಿಲ ತನಕ ಬರುತ್ತದಂತೆ. ನಮ್ಮ ಬೀದಿಯ ಕುರ್ಚಿ ಕೆಲಸವೆಲ್ಲ ಅಲ್ಲಿಗೆ ಹೋಗಬೇಕಂತೆ. ಇಲ್ಲಿ ಬರೀ ಮಾರುವ ಅಂಗಡಿಗಳಂತೆ. ಅಂತೆ, ಅಂತೆ, ಅಂತೆ! ಅಪ್ಪ ಕೂತು ಕೆಲಸ ಮಾಡಿದ ಜಾಗವನ್ನು ಖಾಲಿ ಮಾಡಿಸುವುದಕ್ಕೆ ಅಪ್ಪನ ಬಾಗಿಲ ಮುಂದೆಯೇ ಓಟು ಕೇಳುತ್ತಾಳೆ.

ಇನ್ನು ಮೇಲೆ ಅವಳು ನನಗೆ ತಂಗಿಯಲ್ಲ, ಅಭ್ಯರ್ಥಿ. ಈ ಪುಸ್ತಕದಲ್ಲೂ ಹಾಗೇ ಬರೆಯುತ್ತೇನೆ.

ಜೂನ್ 4

ಬೀದಿಯಲ್ಲಿ ಬೇರೆ ಮಾತೇ ಇಲ್ಲ. ಬಡಗಿ ಮಾವನ ಅಂಗಡಿಯ ಮುಂದೆ ಸೇರಿದ್ದೆವು. ನೆಂಟಸ್ತಿಕೆಯೇನಿಲ್ಲ, ಬೀದಿಗೆಲ್ಲ ಅವರು ಮಾವ. ಸಿಟ್ಟು ಬಂದರೆ ಮಾತು ಕಡಿಮೆ, ಉಳಿ ಮಸೆಯುವುದು ಜಾಸ್ತಿ. ಇವತ್ತು ಮಸೆಯುತ್ತಲೇ ಮಾತೂ ಆಡಿದರು.

"ಆ ಹುಡುಗೀನ ಹೆಗಲ ಮೇಲೆ ಕೂರಿಸ್ಕೊಂಡು ಆಡ್ಸಿದೀನಿ ಕಣೋ. ಈಗ ನಮ್ಮ ತಲೆ ಮೇಲೇ ಕೂರೋಕೆ ಬಂದ್ಲು."

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದ ಲೇತಿನವ. ಅವನು ನನ್ನ ಓರಗೆಯವನು, ಕುರ್ಚಿಯ ಕಾಲು ಕಡೆಯುವವನು.

ಆ ಅಭ್ಯರ್ಥಿಗೆ ನಮ್ಮ ಕೆಲಸದ ರೀತಿ ಮರೆತೇ ಹೋಗಿದೆ. ನಮ್ಮ ಬೀದಿಯ ಕುರ್ಚಿ ಯಾರೊಬ್ಬರದೂ ಅಲ್ಲ. ಲೇತಿನವ ಕಾಲು ಕಡೆದು ಎದುರು ಅಂಗಡಿಗೆ ಕೊಡುತ್ತಾನೆ. ಬಡಗಿ ಮಾವ ಚೌಕಟ್ಟು ಕೂಡಿಸಿ ನನಗೆ ಕಳಿಸುತ್ತಾರೆ. ನಾನು ಒಂದು ಕೈ ಪಾಲಿಶ್ ಹೊಡೆದು ಅಂಗಡಿ ಪಕ್ಕದ ಮನೆಯ ಜಗಲಿಯಲ್ಲಿ ಇಡುತ್ತೇನೆ, ಅಲ್ಲಿ ಅಮ್ಮ ಬೆತ್ತ ಹೆಣೆಯುತ್ತಾಳೆ. ಮತ್ತೆ ನನ್ನ ಹತ್ತಿರ ಬಂದಾಗ ಕೊನೆಯ ಪಾಲಿಶ್. ಒಣಗಿದ ಮೇಲೆ ನಾನು ಅದರಲ್ಲಿ ಕೂರಬೇಕು. ಕೂತು, ಹಿಂದಕ್ಕೆ ಒರಗಿ, ಎಡಕ್ಕೂ ಬಲಕ್ಕೂ ಮೈ ಹಾಕಿ ನೋಡಬೇಕು. ಒಂದು ಚೂರು ಅಲ್ಲಾಡಿದರೂ ತಪ್ಪು ಯಾರದೋ ಅವರ ಅಂಗಡಿಯ ಮುಂದೆ ಕುರ್ಚಿ ಎತ್ತಿಕೊಂಡು ಹೋಗಿ ಕೂಗಾಡಬೇಕು. ಬೀದಿಗೆಲ್ಲ ಕೇಳಬೇಕು. ಕೊನೆಯ ಕೈ ಕೂರದೆ ಒಂದು ಕುರ್ಚಿಯೂ ಈ ಬೀದಿ ದಾಟಿಲ್ಲ. ಇದೆಲ್ಲ ಆ ಶೆಡ್ಡಿನಲ್ಲಿ ನಡೆಯುತ್ತದೆಯೇ?

ಊಟಕ್ಕೆ ಕೂತಾಗ ಹೆಂಡತಿಗೆ ಇದನ್ನೇ ಹೇಳಿದೆ. "ಅಲ್ಲೂ ಅದೇ ನಾಲ್ಕು ಜನ ಇರ್ತೀರಿ, ಒಂದೇ ಸೂರು. ಯಾಕೆ ನಡೆಯಲ್ಲ?" ಎಂದಳು. ಹೆಂಗಸರಿಗೆ ಕೆಲಸದ ವಿಷಯ ಹೇಳಲೇಬಾರದು. ನಮ್ಮ ಅಮ್ಮನೂ ಹೆಂಗಸೇ ಎಂದು ನೆನಪಿಸಿದಳು. ಊಟ ಬಿಟ್ಟು ಎದ್ದೆ. ಹಸಿವಿನಿಂದ ಇನ್ನಷ್ಟು ಸಿಟ್ಟು ಬಂತು.

ಜೂನ್ 7

ಅಭ್ಯರ್ಥಿ ಅಂಗಡಿಗೆ ಬಂದಿದ್ದಳು. ಕೊರಳಲ್ಲಿ ಚುನಾವಣಾ ಗುರುತಿನ ಪಟ್ಟಿ, ಹಿಂದೆ ಇಬ್ಬರು ಬೆಂಬಲಿಗರು. ಅವರನ್ನು ಹೊರಗೆ ನಿಲ್ಲಿಸಿ ಒಳಗೆ ಬಂದಳು.

"ಅಣ್ಣಾ, ಒಂದು ಕುರ್ಚಿ ಬೇಕು."

"ಅಭ್ಯರ್ಥಿಗಳಿಗೆ ಪ್ಲಾಸ್ಟಿಕ್ ಕುರ್ಚಿ ಬಾಡಿಗೆಗೆ ಸಿಗುತ್ತೆ."

"ಪ್ಲಾಸ್ಟಿಕ್ ಕುರ್ಚಿ ಪಕ್ಕ ನಿಂತ್ಕೊಂಡು ನಮ್ಮೂರ ಕುರ್ಚಿ ಬಗ್ಗೆ ಭಾಷಣ ಮಾಡ್ಲಾ? ಎಲ್ಲ ಬಡಾವಣೆಗೂ ತಗೊಂಡು ಹೋಗ್ತೀನಿ. ಜನ ಮುಟ್ಟಿ ನೋಡ್ಲಿ. ಇಂಥದ್ದು ಮಾಡೋ ಕೈ ಇಟ್ಕೊಂಡು ಹೊರಗಿಂದ ಪ್ಲಾಸ್ಟಿಕ್ ತರಿಸ್ತಿದೀವಿ ಅಂತ ನಾಚಿಕೆ ಆಗ್ಲಿ."

"ನಮ್ಮನ್ನ ಎಬ್ಬಿಸೋಕೆ ನಮ್ಮ ಕೈಲೇ ಕುರ್ಚಿ ಮಾಡಿಸ್ತೀಯಾ?"

ಅವಳು ಮುಚ್ಚಿದ ಕಿಟಕಿ ನೋಡಿದಳು. ಹಸಿ ಪಾಲಿಶ್ ಮೇಲೆ ಬೀದಿಯ ಧೂಳು ಕೂರಬಾರದೆಂದು ನಾನು ಅದನ್ನು ತೆರೆಯುವುದಿಲ್ಲ, ಅಪ್ಪನೂ ತೆರೆಯುತ್ತಿರಲಿಲ್ಲ. "ಈ ಕೋಣೇಲಿ ಹೇಗೋ ಉಸಿರಾಡ್ತೀಯಾ?" ಎಂದಳು.

"ಮೂಗಿಂದ," ಎಂದೆ. ಅಷ್ಟರಲ್ಲೇ ಹಾಳು ಕೆಮ್ಮು ಬರಬೇಕೇ! ಅವಳು ನೀರು ಕೊಡಲು ಬಂದಳು. ನಾನೇ ತೆಗೆದುಕೊಂಡು ಕುಡಿದೆ.

ಬೀದಿಯವರು ಆರ್ಡರ್ ಬೇಡವೆನ್ನುತ್ತಾರೆ ಎಂದುಕೊಂಡಿದ್ದೆ. ಬಡಗಿ ಮಾವ ಒಪ್ಪಿಕೊಂಡುಬಿಟ್ಟರು. "ಮಾಡಿ ಕೊಡೋಣ. ಮಾಡ್ದೇ ಇದ್ರೆ ಕೈಲಾಗಲ್ಲ ಅಂತಾರೆ," ಎಂದರು. ಲೇತಿನವನೂ ಮುಸಿಮುಸಿ ನಗುತ್ತ ಹೂಂ ಎಂದ. ಆ ನಗು ನನಗೆ ಹಿಡಿಸಲಿಲ್ಲ.

ಜೂನ್ 12

ಕುರ್ಚಿ ಅಮ್ಮನ ಕೈಯಿಂದ ವಾಪಸು ಬಂತು. ಹಿಂದಿನ ಒಂದು ಕಾಲನ್ನು ಉಜ್ಜುವಾಗ ಬಣ್ಣ ಸ್ವಲ್ಪ ಬೇರೆ ಅನ್ನಿಸಿತು. ಮರದ ಗಂಟಿರಬಹುದು. ಕಾಲು ಲೇತಿನವನ ಕೆಲಸ, ನನಗೇನು? ಮೇಲೆ ಎರಡು ಕೈ ಜಾಸ್ತಿ ಪಾಲಿಶ್ ಹೊಡೆದೆ. ಮುಖ ಕಾಣುವಷ್ಟು ಹೊಳೆಯಿತು.

ಅಭ್ಯರ್ಥಿಯ ಕಡೆಯವರು ಗಾಡಿ ತಂದರು. ಕೂತು ನೋಡಬೇಕಿತ್ತು. ಅವಳ ಕುರ್ಚಿಯಲ್ಲಿ ನಾನು ಕೂರಬೇಕೇ? ನನ್ನ ಬೀದಿಯನ್ನು ಗುಡಿಸಿ ಹಾಕುವವಳ ಕುರ್ಚಿಯಲ್ಲಿ? ಕೂರಲಿಲ್ಲ. ಎತ್ತಿ ಗಾಡಿಗೆ ಹಾಕಿಸಿದೆ. ಮನಸ್ಸಿಗೆ ಎಷ್ಟು ಹಿತವಾಯಿತೆಂದರೆ ಅಂಗಡಿ ಬೇಗ ಮುಚ್ಚಿ ಮಲಗಿದೆ.

ಜೂನ್ 15

ಬಸ್ ನಿಲ್ದಾಣದ ಹತ್ತಿರ ಅವಳ ಸಭೆ. ಬೈಯಲು ಏನಾದರೂ ಸಿಗುತ್ತದೆಂದೇ ಹೋದೆ. ಸುತ್ತ ಎಲ್ಲ ಗೋಡೆಗಳ ಮೇಲೂ ಎದುರಾಳಿ ಗುತ್ತಿಗೆದಾರನ ಚಿತ್ರ. ಅವನಿಗೆ ಊರಲ್ಲಿ ನಗುಮುಖ ಎಂದೇ ಹೆಸರು. ಭಾಷಣ ಮಾಡುವುದಿಲ್ಲ, ಕೈ ಮುಗಿದು ನಗುತ್ತಾನೆ, ಕಾರಂಜಿ ಕಟ್ಟಿಸುತ್ತೇನೆ ಎನ್ನುತ್ತಾನೆ. ಲಾರಿ ತುಂಬಿಸಲು ಕಾರಂಜಿ! ಕುಡಿಯುವ ನೀರು ದಿನ ಬಿಟ್ಟು ದಿನ ಬರುವ ಊರಿನಲ್ಲಿ!

ಅಭ್ಯರ್ಥಿ ಕುರ್ಚಿಯನ್ನು ಪಕ್ಕದಲ್ಲಿಟ್ಟುಕೊಂಡು ನಿಂತೇ ಮಾತಾಡಿದಳು. ಸಭೆ ಮುಗಿಯುವ ತನಕ ಒಮ್ಮೆಯೂ ಕೂರಲಿಲ್ಲ. ಯಾರೋ ಕೂರಲು ಬಂದರೆ ಕೈ ಅಡ್ಡ ಹಿಡಿದಳು. ನಮ್ಮ ಕೈಕೆಲಸ ನೋಡುವುದಕ್ಕೆ ಚೆಂದ, ಕೂರುವುದಕ್ಕೆ ಬೇಡ. ಎಲ್ಲ ನಾಟಕ.

ಗುಂಪಿನಿಂದ ಒಬ್ಬ ಕೇಳಿದ, "ಶೆಡ್ಡಿಗೆ ಹೋಗೋಕೆ ಇಷ್ಟ ಇಲ್ದೋರನ್ನ ಎಬ್ಬಿಸ್ತೀರಾ?"

"ಯಾರನ್ನೂ ಎಬ್ಬಿಸಲ್ಲ," ಎಂದಳು. "ಮೊದಲು ಶೆಡ್ಡು ಕಟ್ತೀನಿ. ಬಂದು ನೋಡ್ಲಿ, ಒಂದು ವಾರ ಕೆಲಸ ಮಾಡ್ಲಿ. ಬೇಡ ಅಂದ್ರೆ ವಾಪಸ್ ಹೋಗ್ಲಿ, ಶೆಡ್ಡನ್ನ ಸಂತೆಗೆ ಕೊಡೋಣ. ಆದ್ರೆ ನೋಡ್ದೇನೇ ಬೇಡ ಅನ್ನಬಾರ್ದು. ಈ ವರ್ಷ ಮಳೆ ತಡ. ಇಲ್ದಿದ್ರೆ ಮಳೆಗಾಲದಲ್ಲಿ ಮರ ಒಣಗಲ್ಲ ಅಂತ ನಾಲ್ಕು ತಿಂಗಳು ಬೀದಿ ಸುಮ್ನೆ ಕೂತಿರುತ್ತೆ. ಹಸಿ ಮರದಲ್ಲಿ ಮಾಡಿದ ಕುರ್ಚಿ ದೂರದ ಊರಲ್ಲಿ ಬಿರುಕು ಬಿಡುತ್ತೆ, ಎರಡನೇ ಸಲ ಯಾರೂ ಕೇಳಲ್ಲ."

ಇದನ್ನು ಮೊದಲ ದಿನವೇ ಹೇಳಬಾರದಿತ್ತೇ? ಹೇಳಿರಬಹುದು. ಆ ದಿನ ಲೇತಿನವ ಕೂಗುತ್ತಿದ್ದ, ನಾನೂ ಕೂಗುತ್ತಿದ್ದೆ. ಆದರೂ ಜನರಿಗೆ ಕೇಳುವ ಹಾಗೆ ಹೇಳುವುದು ಅಭ್ಯರ್ಥಿಯ ಕೆಲಸ. ಮಳೆಗಾಲದ ಮಾತೇನೋ ನಿಜ.

ಜೂನ್ 16

ಲೇತಿನವನಿಗೆ ಆ ಒಣಗಿಸುವ ಕೋಣೆಯ ಬಗ್ಗೆ ಹೇಳಿದೆ. "ಓಹೋ, ರಕ್ತ ಎಳೀತು," ಎಂದ. ಅವನ ಜೊತೆ ಇವತ್ತು ಟೀ ಕುಡಿಯಲಿಲ್ಲ.

ಜೂನ್ 19

ಅಕ್ಷರ ಸೊಟ್ಟ ಬಂದರೆ ಬರಲಿ, ಬರೆಯಲೇಬೇಕು.

ಸಭೆ ನಮ್ಮ ಬೀದಿಯಲ್ಲಿತ್ತು. ಹಲಗೆ ಜೋಡಿಸಿ ವೇದಿಕೆ ಮಾಡಿದ್ದರು, ಹಿಂದಿನ ಅಂಚಿನಲ್ಲಿ ಕುರ್ಚಿ. ಅವಳು ಮಾತು ಶುರುಮಾಡುವ ಹೊತ್ತಿಗೆ ಅಮ್ಮ ಜಗಲಿಯಿಂದ ಇಳಿದು ಬಂದಳು. ಯಾರೂ ಕರೆದಿರಲಿಲ್ಲ. ಮೆಟ್ಟಿಲು ಹತ್ತಿ, "ಮಗಳ ಮಾತು ನಿಂತ್ಕೊಂಡೇ ಎಷ್ಟೊತ್ತು ಕೇಳ್ಲಿ?" ಎಂದು ಎಲ್ಲರನ್ನೂ ನಗಿಸುತ್ತ ಕುರ್ಚಿಯ ಕಡೆ ತಿರುಗಿದಳು. ಜನ ಚಪ್ಪಾಳೆ ಹೊಡೆದರು. ಆ ಗದ್ದಲದಲ್ಲೇ ಮೈಕಿನಲ್ಲಿ ಅಭ್ಯರ್ಥಿ "ಅಮ್ಮಾ, ಬೇಡ" ಎಂದದ್ದು ಕೇಳಿಸಿತು.

ಅಮ್ಮ ಕೂತಳು. ಹಿಂದಿನ ಕಾಲು ಕಟಕ್ಕೆಂದು ಮುರಿಯಿತು. ಕುರ್ಚಿ ಹಿಂದಕ್ಕೆ ವಾಲಿ ಅಮ್ಮ ವೇದಿಕೆಯಿಂದ ಕೆಳಕ್ಕೆ, ಕಲ್ಲಿನ ಮೇಲೆ, ಬಲಗೈ ಊರಿಕೊಂಡೇ ಬಿದ್ದಳು. ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿದಿದೆ. ಬೆತ್ತ ಹೆಣೆಯುವ ಕೈ. ಸೊಂಟಕ್ಕೂ ಪೆಟ್ಟು.

ಬೇಡ ಎಂದು ಅವಳು ಯಾಕೆ ಅಂದಳು? ಬೀಳುವ ಮೊದಲೇ ಹೇಗೆ ಅಂದಳು?

ಜೂನ್ 20

ಆಸ್ಪತ್ರೆಯ ಮೊಗಸಾಲೆಯಲ್ಲಿ ನಾವು ಮೂವರು. ಬಡಗಿ ಮಾವ ಗೋಡೆ ನೋಡುತ್ತ ಕೂತಿದ್ದರು. ಲೇತಿನವ ಮೊದಲು ಬಾಯಿಬಿಟ್ಟ. ಗಂಟಿದ್ದ ಮರದಲ್ಲಿ ಕಾಲು ಕಡೆದು, ಬಿರುಕಿಗೆ ಮರದ ಹೊಟ್ಟು, ಅಂಟು ತುಂಬಿದ್ದನಂತೆ. "ಮಾವ ನೋಡಿದ ತಕ್ಷಣ ವಾಪಸ್ ಎಸೀತಾರೆ, ಆರ್ಡರು ತಡ ಆಗುತ್ತೆ, ಅವಳು ಪರದಾಡ್ಲಿ ಅಂತ ಮಾಡ್ದೆ. ಅಷ್ಟೇ ಕಣೋ."

ಮಾವ ಅದನ್ನು ನೋಡಿದ್ದರು. ನೋಡಿಯೂ ಕೂಡಿಸಿದರು. ಸಾಲದ್ದಕ್ಕೆ ಆ ಕಾಲನ್ನು ಬಿಗಿಯುವ ಬೆಣೆಯನ್ನೂ ಹೊಡೆಯಲಿಲ್ಲ. "ನೀನು ಕೂತಾಗ ಅಲ್ಲಾಡುತ್ತೆ, ಎತ್ಕೊಂಡು ಬಂದು ಬೀದಿಗೆಲ್ಲ ಕೇಳೋ ಹಾಗೆ ಕೂಗ್ತೀಯ ಅಂದ್ಕೊಂಡೆ," ಎಂದರು. "ನೀನು ಕೂತೇ ಕೂರ್ತೀಯ ಅಂತ ಇದ್ದೆ."

ನಾನು ಕೂರಲಿಲ್ಲ ಎಂದು ಹೇಳಿದೆ. ಇಬ್ಬರೂ ನನ್ನನ್ನು ನೋಡಿದ ರೀತಿ! ಕಾಲು ಕೆಡಿಸಿದವನಿಗೆ, ಬೆಣೆ ಬಿಟ್ಟವರಿಗೆ ನನ್ನ ಮೇಲೆ ಸಿಟ್ಟು ಬಂತು. ನನಗೆ ಅವರಿಬ್ಬರ ಮೇಲೂ ಬಂತು. ಕೂಗಾಡಿದೆವು. ದಾದಿ ಬಂದು ಮೂವರನ್ನೂ ಹೊರಗೆ ಹಾಕಿದಳು. ತಪ್ಪನ್ನು ಮುಂದಿನ ಕೈ ಹಿಡಿಯುತ್ತದೆ ಎಂದು ಒಬ್ಬೊಬ್ಬರೂ ಬಿಟ್ಟೆವು. ಕೊನೆಯ ಕೈ ನನ್ನದು.

ಸಂಜೆ ಅಮ್ಮನ ಹತ್ತಿರ ಕೂತು ಎಲ್ಲ ಹೇಳಿದೆ. ಪ್ಲಾಸ್ಟರಿನ ಕೈಯನ್ನು ಎದೆಯ ಮೇಲಿಟ್ಟುಕೊಂಡು ಕೇಳಿದಳು. ಆಮೇಲೆ ಪಿಸುಗುಟ್ಟಿದಳು, "ನಾನೂ ಸಡಿಲ ಹೆಣೆದಿದ್ದೆ ಕಣೋ. ಕೂತಾಗ ಹಿಂಭಾಗ ಸ್ವಲ್ಪ ಕುಸೀಲಿ, ಅಮ್ಮನ್ನ ಕೇಳ್ದೇ ಬೀದಿ ಎಬ್ಬಿಸೋಕೆ ಹೊರಟೋಳಿಗೆ ಬುದ್ಧಿ ಬರ್ಲಿ ಅಂತ. ನಿನ್ನೆ ಚಪ್ಪಾಳೆ ಸದ್ದಲ್ಲಿ ನನಗೇ ಮರೆತುಹೋಯ್ತು." ನಗಲು ಹೋಗಿ ನೋವಿಗೆ ಮುಖ ಕಿವುಚಿದಳು. ನಾನು ಅಳುತ್ತಿದ್ದೆ, ಯಾಕೆ ಮುಚ್ಚಿಡಲಿ.

ಜೂನ್ 21

ನಗುಮುಖನ ಕಡೆಯವರು ಗಾಡಿಯ ಮೇಲೆ ಮುರಿದ ಕುರ್ಚಿಯೊಂದನ್ನು ಕಟ್ಟಿಕೊಂಡು ಊರೆಲ್ಲ ಸುತ್ತುತ್ತಿದ್ದಾರೆ. ಒಂದು ಕುರ್ಚಿ ನೆಟ್ಟಗೆ ನಿಲ್ಲಿಸಲಾರದವಳು ಊರು ನಿಲ್ಲಿಸುತ್ತಾಳಂತೆ ಎಂದು ಕೂಗುತ್ತಿದ್ದಾರೆ.

ಅವಳ ಜಾಗದಲ್ಲಿ ನಾನಿದ್ದಿದ್ದರೆ ಬೀದಿಯನ್ನು ತೋರಿಸಿಬಿಡುತ್ತಿದ್ದೆ. ನೋಡಿ ಇವರ ಕೆಲಸ, ಇದಕ್ಕೇ ಬದಲಾವಣೆ ಬೇಕು ಎಂದು ಹೇಳಿದ್ದರೆ ಅವಳ ಮಾತಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಬೆಳಿಗ್ಗೆಯಿಂದ ಕಾಯುತ್ತಿದ್ದೆ. ಹೇಳಿದ ತಕ್ಷಣ ಏನು ಬೈಯಬೇಕೆಂದೂ ಯೋಚಿಸಿಟ್ಟಿದ್ದೆ.

ಮಾರುಕಟ್ಟೆ ಚೌಕದಲ್ಲಿ ಮೈಕು ಹಿಡಿದು ಅವಳು ಹೇಳಿದ್ದು ಇಷ್ಟು: "ತಪ್ಪು ನನ್ನದು. ಮರ ಇನ್ನೂ ಒಣಗ್ಬೇಕು, ಕಾಯಿರಿ ಅಂತ ಅವ್ರು ಹೇಳಿದ್ರು. ನಾನೇ ಅವಸರ ಮಾಡಿ ಎತ್ಕೊಂಡು ಬಂದೆ."

ಯಾರು ಹೇಳಿದರು? ಯಾವಾಗ ಹೇಳಿದೆವು? ಸುಳ್ಳು! ಕೇಳುತ್ತಿದ್ದ ಒಬ್ಬ ಹೆಂಗಸು, "ಭಾಷಣದ ಆತುರಕ್ಕೆ ಹೆತ್ತ ತಾಯಿ ಕೈ ಮುರಿದ್ಲು," ಎಂದಳು. ಪಕ್ಕದವರು ಹೌದೆಂದರು. ನನಗೆ ಆ ಹೆಂಗಸಿನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಂಗಿಯ ಮೇಲೂ ಬಂತು. ನಮಗೆ ಅವಳ ದಯೆ ಬೇಕೆಂದು ಯಾರು ಕೇಳಿದ್ದರು?

ಜೂನ್ 23

ಬುಕಿಂಗ್ ಆಫೀಸಿಗೆ ಹೋದೆ. ಮೇಜಿನ ತುಂಬ ಕರಪತ್ರ. ಹೊರಗೆ ಲಾರಿಯೊಂದರಿಂದ ಪ್ಲಾಸ್ಟಿಕ್ ಕುರ್ಚಿಗಳ ಗೋಪುರಗಳನ್ನು ಇಳಿಸುತ್ತಿದ್ದರು. ಅವಳು ನನ್ನನ್ನು ಕೂರು ಎನ್ನಲಿಲ್ಲ, ನಾನೂ ಕೂರಲಿಲ್ಲ. ಗಂಟು, ಬೆಣೆ, ಅಮ್ಮನ ಸಡಿಲ ಹೆಣಿಗೆ, ಎಲ್ಲವನ್ನೂ ಹೇಳಿದೆ. ನಾನು ಕೂತು ನೋಡಲಿಲ್ಲ ಎನ್ನುವುದನ್ನು ಕೊನೆಗೆ ಹೇಳಿದೆ.

"ಗೊತ್ತಿತ್ತು," ಎಂದಳು.

"ಏನು ಗೊತ್ತಿತ್ತು?"

"ಗಾಡಿಯಿಂದ ಇಳಿಸಿದ ತಕ್ಷಣ ಕೂತೆ. ಅಲ್ಲಾಡ್ತು. ಆ ಬೀದೀಲಿ ಹುಟ್ಟಿದೋಳಿಗೆ ಅಷ್ಟೂ ಗೊತ್ತಾಗಲ್ವಾ? ನೀನು ಕೂತಿಲ್ಲ ಅಂತ ಆಗ್ಲೇ ಗೊತ್ತಾಯ್ತು."

"ಮತ್ತೆ ವಾಪಸ್ ಕಳಿಸ್ಬೇಕಿತ್ತು!"

"ಕಳಿಸಿದ್ರೆ ಏನಂತಿದ್ರಿ? ನಮ್ಮ ಕೆಲಸಕ್ಕೆ ಹೆಸರಿಡ್ತಾಳೆ ಅಂತಿದ್ರಿ. ಆಮೇಲೆ ನಾನೂ ಕೂರಲಿಲ್ಲ, ಯಾರನ್ನೂ ಕೂರಕ್ಕೆ ಬಿಡಲಿಲ್ಲ. ಚುನಾವಣೆ ಮುಗಿಯೋ ತನಕ ತಾನೇ, ನಡೆಯುತ್ತೆ ಅಂದ್ಕೊಂಡೆ. ನೀನೇ ಬಂದು ಹೇಳ್ತೀಯೇನೋ ಅಂತಲೂ ಕಾದೆ." ಕರಪತ್ರದ ಕಟ್ಟನ್ನು ಸುಮ್ಮನೆ ಬಿಚ್ಚಿ ಮತ್ತೆ ಕಟ್ಟಿದಳು. "ಅಮ್ಮ ಬರ್ತಾಳೆ ಅಂತ ಎಣಿಸಿರಲಿಲ್ಲ. ನಾನೂ ನಿಮ್ಮ ಹಾಗೇ ಮಾಡಿದ್ನಲ್ಲೋ ಅಣ್ಣಾ. ಗೊತ್ತಿದ್ದೂ ಸುಮ್ನಿದ್ದೆ."

ನಾಳೆಯೇ ಚೌಕದಲ್ಲಿ ನಿಂತು ನಿಜ ಹೇಳುತ್ತೇನೆ ಎಂದೆ. ಅವಳಿಗೆ ರೇಗಿತು.

"ಬೇಡ. ಬೇಕಂತಲೇ ಕೆಡಿಸಿದ್ವಿ ಅಂತ ಹೇಳಿದ್ರೆ ಆ ಬೀದಿಯಿಂದ ಇನ್ನೊಂದು ಕುರ್ಚಿ ಯಾರು ತಗೋತಾರೆ? ಶೆಡ್ಡು ಬಂದ್ರೂ ಇಲ್ಲ, ಬರದಿದ್ರೂ ಇಲ್ಲ. ನಾನು ಸೋತ್ರೆ ಬುಕಿಂಗ್ ಆಫೀಸಿದೆ. ನಿಮಗೇನಿದೆ? ಬಾಯಿ ಮುಚ್ಕೊಂಡು ಹೋಗು."

ಬಾಯಿ ಮುಚ್ಚಿಕೊಂಡು ಬಂದೆ. ದಾರಿಯುದ್ದಕ್ಕೂ ಅವಳನ್ನು ಬೈಯುತ್ತಲೇ ಬಂದೆ.

ಜೂನ್ 25

ಕಿಟಕಿ ತೆರೆದು ಕೆಲಸ ಮಾಡಿದೆ. ಹಸಿ ಪಾಲಿಶ್ ಮೇಲೆ ಧೂಳು ಕೂತಿತು. ಉಜ್ಜಿ ಮತ್ತೆ ಹೊಡೆದೆ, ಮತ್ತೆ ಕೂತಿತು. ಗೋಡೆಗೆ ಒಂದು ಫ್ಯಾನು ಕೂರಿಸಬಹುದೇ ಎಂದು ಹೆಂಡತಿಯನ್ನು ಕೇಳಿದೆ. ಅವಳು ನಕ್ಕಳು. ಈ ಮನೆಯಲ್ಲಿ ಯಾರಿಗೂ ಮಾತಾಡಲು ಬರುವುದಿಲ್ಲ.

ಜೂನ್ 27

ಓಟು ಹಾಕಿ ಬಂದೆ. ಯಾರಿಗೆ ಎಂದು ಇಲ್ಲಿಯೂ ಬರೆಯುವುದಿಲ್ಲ. ಬೀದಿಯವರೆಲ್ಲ ಒಟ್ಟಾಗಿ ಹೋದರು, ನಾನು ಒಬ್ಬನೇ ಹೋದೆ.

ಜೂನ್ 30

ಸೋತಳು. ಹತ್ತಿರದಲ್ಲೂ ಇಲ್ಲ, ಚೆನ್ನಾಗಿಯೇ ಸೋತಳು. ನಗುಮುಖ ತೆರೆದ ಜೀಪಿನಲ್ಲಿ ಕೈ ಮುಗಿದುಕೊಂಡು ಹೋದ. ನಮ್ಮ ಬೀದಿಗೆ ಜೀಪು ಬರಲೇ ಇಲ್ಲ, ಬೀದಿ ಅದಕ್ಕೆ ಕಿರಿದು.

ಆದರೂ ಇಲ್ಲಿ ಸಂಭ್ರಮವೋ ಸಂಭ್ರಮ. ಲೇತಿನವ ಸಿಹಿಯ ಪೆಟ್ಟಿಗೆ ಹಿಡಿದು ಅಂಗಡಿ ಅಂಗಡಿಗೆ ಹಂಚುತ್ತಿದ್ದ. "ಬೀದಿ ಉಳೀತು ಕಣ್ರೋ! ಇನ್ನು ಐದು ವರ್ಷ ಯಾರೂ ನಮ್ಮನ್ನ ಮುಟ್ಟಲ್ಲ!"

ಅದೇ ಹೊತ್ತಿಗೆ ಆಸ್ಪತ್ರೆಯಿಂದ ಮನೆಗೆ ಬಂದಿರುವ ಅಮ್ಮನ ತಲೆ ಬಾಚಿಕೊಡಲು ತಂಗಿ ಬಂದಳು. ದಿನಾ ಬರುತ್ತಾಳೆ, ಸೋತ ದಿನ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಕೆಲವರು ಅಂಗಡಿಯೊಳಗೆ ಸರಿದರು. ಲೇತಿನವ ಮಾತ್ರ ಪೆಟ್ಟಿಗೆಯನ್ನು ಅವಳ ಮುಂದೆಯೂ ಹಿಡಿದ. "ಬೇಜಾರ್ ಮಾಡ್ಕೋಬೇಡಮ್ಮ. ತಗೋ."

ಅವಳು ಒಂದು ತೆಗೆದುಕೊಂಡಳು. "ಅಮ್ಮಂಗೂ ಒಂದು ಕೊಡಿ," ಎಂದಳು.

ನನಗೆ ಏನಾಯಿತೋ ಗೊತ್ತಿಲ್ಲ. ಪೆಟ್ಟಿಗೆ ಕಿತ್ತುಕೊಂಡು ಚರಂಡಿಗೆ ಎಸೆದೆ. "ಯಾವ ಮುಖಕ್ಕೋ ಸಿಹಿ? ಯಾರೂ ಮುಟ್ಟಲ್ಲ ಅಂತ ಕುಣೀತಿದೀರಲ್ಲ, ಇನ್ನು ಯಾರೂ ತಿರುಗಿಯೂ ನೋಡಲ್ಲ! ಆ ಕುರ್ಚಿ ಕೆಡಿಸಿದ್ದು ನಾವು. ಕಾಲು ಇವನದು, ಬೆಣೆ ಮಾವಂದು, ಕೂರದೇ ಕಳಿಸಿದ್ದು ನಾನು. ನಮ್ಮ ಹೆಸರು ಉಳಿಸೋಕೆ ಅವಳು ಹೊತ್ಕೊಂಡ್ಲು, ನಾವು ತೆಪ್ಪಗಿದ್ದು ಅವಳನ್ನ ಸೋಲಿಸಿದ್ವಿ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ದಾರಿಹೋಕರೂ ನಿಂತು ಕೇಳಿದರು. ಬಡಗಿ ಮಾವ ಅಂಗಡಿಯ ಒಳಗೆ ಹೋಗಿ ಬಾಗಿಲು ಎಳೆದುಕೊಂಡರು.

ಮೈ ಹಗುರಾಯಿತು ಎನ್ನಿಸಿತು. ತಂಗಿಯ ಕಡೆ ನೋಡಿದೆ. ಇಷ್ಟು ದಿನದಲ್ಲಿ ಅವಳ ಕಣ್ಣಲ್ಲಿ ನೀರು ನೋಡಿರಲಿಲ್ಲ.

"ಇವತ್ತು ಹೇಳ್ತೀಯಾ ಅಣ್ಣಾ?" ಎಂದಳು. "ಮೊನ್ನೆ ಎಲ್ಲಿ ಹೋಗಿತ್ತೋ ಈ ಬಾಯಿ?"

ನೀನೇ ಬೇಡ ಅಂದಿದ್ದೆಯಲ್ಲ ಎಂದು ಹೇಳಲು ಹೊರಟೆ. ಅಷ್ಟರಲ್ಲಿ ಅವಳು ಸಿಹಿ ಹಿಡಿದುಕೊಂಡೇ ಅಮ್ಮನ ಹತ್ತಿರ ಹೋದಳು.

ಹೌದು, ಬೇಡ ಎಂದಿದ್ದಳು. ಜೀವಮಾನದಲ್ಲಿ ಅವಳ ಒಂದು ಮಾತನ್ನೂ ಕೇಳದ ನಾನು ಅದೊಂದನ್ನು ಮಾತ್ರ ಕೇಳಿದೆ.